ಜೆ ರಿವಿಷನ್

ಕಳೆದ ವರ್ಷ ಒಂದು ಮಂಗಳವಾರ ಬೆಳಿಗ್ಗೆ ನನ್ನ ಹತ್ತಿರ ಒಂದು ಬ್ರಾಕೆಟ್ಟಿನ ಡ್ರಾಯಿಂಗ್ ಬಂತು. ದೊಡ್ಡ ಯಂತ್ರದೊಳಗೆ ವೈರುಗಳ ಕಟ್ಟನ್ನು ಹಿಡಿದಿಡುವ, ಅಂಗೈಯಗಲದ ತಗಡಿನ ತುಂಡು ಅದು. ಅದರ ಒಂದು ತೂತನ್ನು 2 ಮಿಲಿಮೀಟರ್ ಪಕ್ಕಕ್ಕೆ ಸರಿಸಬೇಕಿತ್ತು. ಹತ್ತು ನಿಮಿಷದ ಕೆಲಸ. ಸರಿಸಿದೆ. ಡ್ರಾಯಿಂಗ್ ಬದಲಾದಾಗಲೆಲ್ಲ ಮೂಲೆಯಲ್ಲಿರುವ ರಿವಿಷನ್ ಅಕ್ಷರವನ್ನು ಒಂದು ಹೆಜ್ಜೆ ಮುಂದಕ್ಕೆ ಹಾಕುತ್ತೇವೆ; ಎಚ್ ಇದ್ದದ್ದನ್ನು ಜೆ ಮಾಡಿದೆ. ನಡುವಿನ ಐ ಅಕ್ಷರವನ್ನು ನಾವು ಬಳಸುವುದಿಲ್ಲ. 1 ಅನ್ನುವ ಅಂಕಿಯ ಹಾಗೆ ಕಾಣಿಸಿ ಯಾರಾದರೂ ತಪ್ಪು ಓದಬಹುದು ಅಂತ ಬಿಟ್ಟುಬಿಡುತ್ತಾರೆ.

ಆಮೇಲೆ ಸುಮ್ನೆ ಹಳೆಯ ರಿವಿಷನ್‌ಗಳ ಪಟ್ಟಿ ನೋಡಿದೆ. ಮೊಟ್ಟಮೊದಲ ಸಾಲಿನಲ್ಲಿ, ‘ಬಿಡಿಸಿದವರು’ ಅನ್ನುವ ಜಾಗದಲ್ಲಿ, ನನ್ನ ಹೆಸರಿನ ಅಕ್ಷರಗಳೇ ಇದ್ದವು. ನಾನು ಕೆಲಸಕ್ಕೆ ಸೇರಿದ ವರ್ಷದ ತಾರೀಖು. ಈ ಬ್ರಾಕೆಟ್ ಬಿಡಿಸಿದಾಗ ನನಗೆ 23. ಈಗ 36. ನಡುವೆ ಎಂಟು ಸಲ ಇದೇ ತುಂಡು ನನ್ನ ಹತ್ತಿರವೋ ಪಕ್ಕದವರ ಹತ್ತಿರವೋ ಬಂದು ಹೋಗಿದೆ. ಇಷ್ಟಾದರೂ ಒಂದು ಸಲವೂ ಅದನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಅದು ಎಷ್ಟು ತೂಕ ಇದೆ ಅಂತ ಕಂಪ್ಯೂಟರ್ ಹೇಳುತ್ತದೆ, ನನ್ನ ಕೈಗೆ ಗೊತ್ತಿಲ್ಲ.

ಆ ದಿನ ಮಧ್ಯಾಹ್ನ ನಾನು ಏನೂ ಮಾಡಲಿಲ್ಲ. ತೆರೆ ನೋಡುತ್ತಾ ಕೂತಿದ್ದೆ.

ಮೊದಲು ಅಂದುಕೊಂಡದ್ದು, ದಣಿವಾಗಿದೆ ಅಂತ. ಹತ್ತು ದಿನ ರಜೆ ಹಾಕಿದೆ. ಚೆನ್ನಾಗಿ ನಿದ್ದೆ ಮಾಡಿದೆ, ಮಗಳ ಜೊತೆ ಆಟವಾಡಿದೆ, ತಲೆನೋವು ಹೋಯಿತು. ಮತ್ತೆ ಕೆಲಸಕ್ಕೆ ಹೋದ ಸೋಮವಾರ, ಕಂಪ್ಯೂಟರ್ ಶುರುವಾಗುವಷ್ಟರಲ್ಲಿ, ಎದೆಯ ಮೇಲೆ ಅದೇ ಭಾರ ಬಂದು ಕೂತಿತು. ಮೈ ಹಗುರವಾಗಿತ್ತು, ಮನಸ್ಸು ಮಾತ್ರ ಹಾಗೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನುವುದನ್ನು ವಿವರಿಸಿದಾಗ ಮೂರು ಲಕ್ಷಣ ಹೇಳಿತು. ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕೆಲಸ ಮಾಡುವ ಸಾಮರ್ಥ್ಯ ಕುಗ್ಗಿದೆ ಅನ್ನಿಸುವುದು. ಅದನ್ನು ಕಾಯಿಲೆ ಅಂತಲೂ ಕರೆಯಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂದಿತು. ಓದಿದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನನ್ನ ಶಕ್ತಿ ಬತ್ತಿಲ್ಲ. ಕೆಲಸವೂ ನನಗೆ ಚೆನ್ನಾಗಿಯೇ ಬರುತ್ತದೆ. ನನಗೆ ಆಗಿದ್ದು ನಡುವಿನದ್ದು ಮಾತ್ರ. ರಜೆಯಿಂದ ಅದು ವಾಸಿಯಾಗಲಿಲ್ಲ.

ಈ ಮಾತನ್ನು ಯಾರಿಗಾದರೂ ಹೇಳುವುದು ಬಹಳ ಕಷ್ಟ. ಸಂಬಳ ಸರಿಯಾಗಿ ಬರುತ್ತಿದೆ, ಬೈಯುವವರಿಲ್ಲ, ಜೊತೆಯವರು ಒಳ್ಳೆಯವರು. ‘ಇನ್ನೇನು ಬೇಕು ನಿನಗೆ’ ಅಂತ ತಮ್ಮ ಕೇಳಿದ. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ‘13 ವರ್ಷ ಹಾಕಿದ್ದೀಯ ಅಕ್ಕಾ, ಈಗ ಬಿಟ್ಟರೆ ಅದೆಲ್ಲ ನೀರುಪಾಲು’ ಅಂದ.

ಆ ಮಾತು ತುಂಬಾ ದಿನ ಕೊರೆಯಿತು. ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ ಅನ್ನುವ ಇಬ್ಬರು 1985ರಲ್ಲಿ ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದ್ದರು. ವರ್ಷದ ಎಲ್ಲ ನಾಟಕಗಳಿಗೂ ಸೇರಿಸಿ ಕೊಡುವ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ, ಯಾರು ಏನು ಅಂತ ನೋಡದೆ, ರಿಯಾಯಿತಿ ಕೊಟ್ಟರು. ಉಳಿದವರು ಪೂರ್ತಿ ದುಡ್ಡು ಕೊಟ್ಟರು. ಎಲ್ಲರ ಕೈಯಲ್ಲೂ ಇದ್ದದ್ದು ಅದೇ ನಾಟಕಗಳ ಟಿಕೆಟ್. ಆದರೆ ಪೂರ್ತಿ ದುಡ್ಡು ಕೊಟ್ಟವರು ಜಾಸ್ತಿ ನಾಟಕಗಳಿಗೆ ಹೋದರು. ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ, ಆದರೂ ಅದು ಅವರನ್ನು ಎಳೆದುಕೊಂಡು ಹೋಯಿತು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ‘ಹಳೆಯದನ್ನು ಮರೆತುಬಿಡಿ’ ಅಂತ ಮುಗಿಸುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. 13 ವರ್ಷ ನಾಟಕದ ಟಿಕೆಟ್ ಅಲ್ಲ. ಒಂದು ವಸ್ತುವನ್ನು ನೋಡಿದ ಕೂಡಲೇ ಭಾರ ಎಲ್ಲಿ ಬೀಳುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಅಂತ ನನಗೆ ಕಾಣಿಸುತ್ತದೆ. ಅದು ನನ್ನ ಜೊತೆ ಬರುತ್ತದೆ. ಹಿಂದೆ ಉಳಿಯುವುದು ಹುದ್ದೆ, ಸಂಬಳದ ಮೆಟ್ಟಿಲು, ಹಿರಿಯಳು ಅನ್ನುವ ಮರ್ಯಾದೆ. ಇವೂ ಸಣ್ಣವಲ್ಲ. ಆದರೆ ಜೊತೆ ಬರುವುದನ್ನೂ ಹಿಂದೆ ಉಳಿಯುವುದನ್ನೂ ಬೇರೆ ಬೇರೆಯಾಗಿ ತೂಗಬೇಕು ಅಲ್ವಾ?

ಹೋಗುವುದಾದರೂ ಎಲ್ಲಿಗೆ? ಅದು ನನಗೆ ಗೊತ್ತಾದದ್ದು ದೊಡ್ಡಪ್ಪನಿಂದ.

ಸಕ್ಕರೆ ಕಾಯಿಲೆ ಜಾಸ್ತಿಯಾಗಿ ದೊಡ್ಡಪ್ಪನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. ಗಾಯ ಪೂರ್ತಿ ಮಾಗಿದ ಮೇಲೆ ಕೃತಕ ಕಾಲಿನ ಅಳತೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿದ್ದ ಹಿರಿಯರು ಟೇಪು ಹಿಡಿಯುವ ಮೊದಲು ಎರಡೂ ಕೈಗಳಿಂದ ಆ ಉಳಿದ ಕಾಲನ್ನು ನಿಧಾನಕ್ಕೆ ಒತ್ತಿ ಒತ್ತಿ ನೋಡಿದರು. ಎಲುಬು ಚರ್ಮದ ಹತ್ತಿರ ಇರುವ ಜಾಗಗಳನ್ನೆಲ್ಲ ಬಣ್ಣದ ಪೆನ್ಸಿಲ್ಲಿನಿಂದ ಗುರುತು ಮಾಡಿದರು. ಆಮೇಲೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿದರು. ಅದು ಗಟ್ಟಿಯಾದ ಮೇಲೆ ಕಳಚಿ, ಒಳಗೆ ಪ್ಲಾಸ್ಟರ್ ಸುರಿದರೆ ಕಾಲಿನ ಅಚ್ಚು ಸಿಗುತ್ತದೆ. ಪೆನ್ಸಿಲ್ ಗುರುತುಗಳೂ ಆ ಅಚ್ಚಿನ ಮೇಲೆ ಮೂಡಿರುತ್ತವೆ.

ನಾನು ಬೆರಗಾದದ್ದು ಆಮೇಲಿನ ಕೆಲಸಕ್ಕೆ. ಅಚ್ಚು ಇದ್ದ ಹಾಗೇ ಸಾಕೆಟ್, ಅಂದರೆ ಉಳಿದ ಕಾಲು ಒಳಗೆ ಕೂರುವ ಬಟ್ಟಲಿನಂಥ ಭಾಗ, ಮಾಡಿದರೆ ನಡೆಯಲು ಆಗುವುದಿಲ್ಲವಂತೆ. ಭಾರ ತಡೆಯುವ ಜಾಗದಲ್ಲಿ, ಉದಾಹರಣೆಗೆ ಮಂಡಿಚಿಪ್ಪಿನ ಕೆಳಗೆ, ಪ್ಲಾಸ್ಟರನ್ನು ಹೆರೆದು ತೆಗೆಯುತ್ತಾರೆ. ಅಲ್ಲಿ ಸಾಕೆಟ್ ಬಿಗಿಯಾಗಿ ಹಿಡಿಯುತ್ತದೆ. ಎಲುಬಿನ ತುದಿಯಂಥ ನೋಯುವ ಜಾಗದಲ್ಲಿ ಪ್ಲಾಸ್ಟರ್ ಸೇರಿಸುತ್ತಾರೆ. ಅಲ್ಲಿ ಸಾಕೆಟ್ಟಿನೊಳಗೆ ಸ್ವಲ್ಪ ಜಾಗ ಸಿಗುತ್ತದೆ. ಎಷ್ಟು ಹೆರೆಯಬೇಕು, ಎಷ್ಟು ಸೇರಿಸಬೇಕು ಅನ್ನುವುದೆಲ್ಲ ಮಿಲಿಮೀಟರ್ ಲೆಕ್ಕ. ನಾನು 13 ವರ್ಷದಿಂದ ಮಾಡುತ್ತಿರುವ ಲೆಕ್ಕವೇ. ಆದರೆ ಈ ಅಳತೆ ಬೆಳಿಗ್ಗೆ ಇದ್ದ ಹಾಗೆ ಸಂಜೆ ಇರುವುದಿಲ್ಲ. ದಿನವಿಡೀ ಓಡಾಡಿದ ಮೇಲೆ ಉಳಿದ ಕಾಲು ಸ್ವಲ್ಪ ಕುಗ್ಗುತ್ತದೆ, ಆಗ ಮೇಲೊಂದು ಕಾಲುಚೀಲ ಹಾಕಿಕೊಂಡು ಸರಿದೂಗಿಸಬೇಕು. ಮತ್ತೆ ಇಲ್ಲಿ ತುಂಡು ಮಾತಾಡುತ್ತದೆ. ದೊಡ್ಡಪ್ಪ ಮೊದಲ ಸಲ ನಿಂತಾಗ ‘ಇಲ್ಲಿ, ಹೊರಗಡೆ, ಚುಚ್ಚುತ್ತೆ’ ಅಂದರು. ಆ ಹಿರಿಯರು ಅಲ್ಲೇ ಬಿಸಿ ಮಾಡಿ ಆ ಜಾಗವನ್ನು ಸ್ವಲ್ಪ ಹೊರಕ್ಕೆ ತಳ್ಳಿದರು. ದೊಡ್ಡಪ್ಪ ಮತ್ತೆ ನಿಂತರು. ಮುಖ ಬದಲಾಯಿತು. ನಾನು ಅಳುತ್ತಿದ್ದೆ ಅಂತ ಅವರು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು.

ಆ ರಾತ್ರಿಯೇ ಕೆಲಸ ಬಿಡಬೇಕು ಅನ್ನಿಸಿತು. ಬಿಡಲಿಲ್ಲ. ಒಂದು ಅನುಮಾನ ಕಾಡುತ್ತಿತ್ತು. ನನಗೆ ಸಾಕಾಗಿದ್ದು ಡ್ರಾಯಿಂಗೋ, ಅದು ಎಲ್ಲಿಗೆ ಹೋಗಿ ಸೇರುತ್ತದೆ ಅಂತ ಕಾಣದೇ ಇರುವುದೋ? ಆಡಂ ಗ್ರಾಂಟ್ ಅನ್ನುವ ಮನಃಶಾಸ್ತ್ರಜ್ಞರು ಮತ್ತು ಅವರ ಜೊತೆಯವರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ವಿಶ್ವವಿದ್ಯಾಲಯದ ಪರವಾಗಿ ಜನರಿಗೆ ಫೋನ್ ಮಾಡಿ ದೇಣಿಗೆ ಕೇಳುವ ಕೆಲಸದವರಲ್ಲಿ ಕೆಲವರಿಗೆ, ಆ ದುಡ್ಡಿನಿಂದ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿ ಮಾಡಿಸಿದರು. ಒಂದು ತಿಂಗಳ ನಂತರ ಅವರು ಫೋನಿನಲ್ಲಿ ಕಳೆಯುವ ಹೊತ್ತು ಮೊದಲಿನ ಎರಡು ಪಟ್ಟಿಗಿಂತ ಜಾಸ್ತಿಯಾಗಿತ್ತು. ಕೆಲಸ ಅದೇ, ಸಂಬಳ ಅದೇ. ಹಾಗಾದರೆ ನನಗೂ ಬೇಕಾದದ್ದು ಅಷ್ಟೇ ಇರಬಹುದು ಅಲ್ವಾ?

ಮ್ಯಾನೇಜರ್ ಹತ್ತಿರ ಹೋಗಿ, ನಮ್ಮ ಬ್ರಾಕೆಟ್ ಕೂರಿಸುವ ಜಾಗಕ್ಕೆ ಎರಡು ದಿನ ಕಳಿಸಿ ಅಂತ ಕೇಳಿದೆ. ಅವರಿಗೆ ಆಶ್ಚರ್ಯವಾಯಿತು, ಆದರೆ ಕಳಿಸಿದರು. ಅಲ್ಲಿ ಫಿಟ್ಟರ್ ಒಬ್ಬರು ಅದೇ ತುಂಡನ್ನು ನನ್ನ ಕೈಗೆ ಕೊಟ್ಟರು. ‘ಮೇಡಂ, ಇದರ ಹಿಂದೆ ಸ್ಪ್ಯಾನರ್ ತಿರುಗೋದೇ ಇಲ್ಲ. ನಾವು ಈ ತೂತನ್ನ ಅರದಲ್ಲಿ ಉಜ್ಜಿ ದೊಡ್ಡದು ಮಾಡ್ಕೊಳ್ತೀವಿ’ ಅಂದರು. ಎಷ್ಟು ವರ್ಷದಿಂದ ಅಂತ ಕೇಳಿದೆ. ‘ನಾನು ಬಂದಾಗಿಂದ’ ಅಂದರು. ಅವರ ಬೆರಳಿನ ಗಂಟಿನ ಮೇಲೆ ತಗಡು ಕೊಯ್ದ ಹಳೆಯ ಗಾಯದ ಗುರುತಿತ್ತು. ಯಾರೂ ಅವರನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ವಾಪಸ್ ಬಂದು, ಯಾರೂ ಹೇಳದೆಯೇ, ಕೆ ರಿವಿಷನ್ ಮಾಡಿದೆ. ತೂತನ್ನು ಉದ್ದನೆಯ ಸೀಳಿನ ಹಾಗೆ ಮಾಡಿದೆ, ಅಂಚುಗಳನ್ನು ದುಂಡಗೆ ಮಾಡಿದೆ. ಎಷ್ಟೋ ವರ್ಷಗಳಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದು.

ಆ ಖುಷಿ ಎರಡು ವಾರ ಇತ್ತು. ಮೂರನೇ ವಾರ ಮತ್ತೆ ಮೇಲ್‌ನಲ್ಲಿ ಬರುವ ಡ್ರಾಯಿಂಗ್‌ಗಳು, ಮತ್ತೆ ತೆರೆ. ಪ್ರತಿ ತುಂಡಿನ ಹಿಂದೆಯೂ ಓಡಿ ಹೋಗಲು ನನ್ನ ಹುದ್ದೆಯಲ್ಲಿ ಜಾಗವಿಲ್ಲ. ಆದರೆ ಈ ಪ್ರಯತ್ನ ಮಾಡದೆ ಹೊರಟಿದ್ದರೆ ನನಗೆ ಸದಾ ಅನುಮಾನ ಉಳಿಯುತ್ತಿತ್ತು. ನಿಮಗೂ ಹೀಗೆ ಉಸಿರುಗಟ್ಟುತ್ತಿದ್ದರೆ, ಬಿಡುವ ಮೊದಲು ಇದೊಂದನ್ನು ಮಾಡಿ ನೋಡಿ ಅಂತ ಮನಸಾರೆ ಹೇಳುತ್ತೇನೆ. ನಿಮ್ಮ ಕೆಲಸ ಕೊನೆಗೆ ಯಾರ ಕೈ ಸೇರುತ್ತದೋ ಅವರ ಹತ್ತಿರ ಹೋಗಿ ಒಂದು ದಿನ ನಿಲ್ಲಿ. ಕೆಲವರಿಗೆ ಅಷ್ಟೇ ಸಾಕಾಗಬಹುದು.

ನನಗೆ ಸಾಕಾಗಲಿಲ್ಲ. ದೊಡ್ಡಪ್ಪನ ಕಾಲು ಮಾಡಿದ ಹಿರಿಯರನ್ನು ಕೇಳಿದೆ, ಶನಿವಾರ ಬಂದು ನೋಡಬಹುದಾ ಅಂತ. ‘ಬನ್ನಿ, ಆದರೆ ಹಳೇ ಬಟ್ಟೆ ಹಾಕ್ಕೊಂಡು ಬನ್ನಿ’ ಅಂದರು.

14 ಶನಿವಾರ ಹೋದೆ. ಮೊದಲ ನಾಲ್ಕು ವಾರ ನೆಲ ಗುಡಿಸಿದೆ, ಬಕೆಟ್ ತೊಳೆದೆ. ಪ್ಲಾಸ್ಟರ್ ಧೂಳು ಮೂಗಿನೊಳಗೆ, ಕೂದಲಿನೊಳಗೆ, ಊಟದ ಡಬ್ಬಿಯೊಳಗೆ. ಐದನೇ ವಾರ ಅಭ್ಯಾಸಕ್ಕೆ ಅಂತ ಒಂದು ಹಳೆಯ ಅಚ್ಚು ಕೊಟ್ಟರು. ಲೆಕ್ಕ ಸರಿಯಾಗಿತ್ತು, ಆದರೂ ಜಾಸ್ತಿ ಹೆರೆದುಬಿಟ್ಟೆ. ಕಂಪ್ಯೂಟರಿನಲ್ಲಿ ಆಗಿದ್ದರೆ ಹಿಂದಕ್ಕೆ ಹೋಗಬಹುದಿತ್ತು. ‘ಕಣ್ಣಲ್ಲಿ ಅಳೀಬೇಡಿ, ಕಣ್ಣು ಮುಚ್ಚಿ ಬೆರಳಲ್ಲಿ ನೋಡಿ’ ಅಂದರು.

ಅತಿ ಕಷ್ಟದ ದಿನ ಒಂಬತ್ತನೇ ಶನಿವಾರ. ಒಬ್ಬ ಹುಡುಗ ಬಂದಿದ್ದ, ಇಪ್ಪತ್ತರ ಆಸುಪಾಸು. ಹೊಸ ಸಾಕೆಟ್ ಹಾಕಿ ನಿಂತು ‘ಚೆನ್ನಾಗಿದೆ’ ಅಂದ. ಹಿರಿಯರು ನಂಬಲಿಲ್ಲ. ಸ್ವಲ್ಪ ನಡೆಸಿದರು, ಕೂರಿಸಿದರು, ಕಳಚಿ ಚರ್ಮ ನೋಡಿದರು. ಒಂದು ಕಡೆ ಕೆಂಪಾಗಿತ್ತು. ‘ಹತ್ತು ನಿಮಿಷ ಕಾಯಿರಿ, ಹೋಗುತ್ತಾ ನೋಡೋಣ’ ಅಂದರು. ಹೋಗಲಿಲ್ಲ. ಹುಡುಗ ಮರುದಿನ ಯಾವುದೋ ಸಮಾರಂಭಕ್ಕೆ ನಡೆದುಕೊಂಡು ಹೋಗಬೇಕು ಅಂತ ನೋವನ್ನು ಮುಚ್ಚಿಟ್ಟಿದ್ದ. ಕಾಲು ಇಲ್ಲದೆಯೇ ವಾಪಸ್ ಹೋದ. ಅವನು ನನ್ನ ಕಡೆ ನೋಡಿದಾಗ ನನಗೆ ಒಂದು ಮಾತೂ ಬರಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಈ ಕೆಲಸದಲ್ಲಿ ಅರ್ಧ ಪ್ಲಾಸ್ಟರ್, ಇನ್ನರ್ಧ ಎದುರಿಗಿರುವ ಮನುಷ್ಯ. ಆ ಅರ್ಧ ನನಗೆ ಬರುವುದಿಲ್ಲ. 13 ವರ್ಷ ತೆರೆಯ ಜೊತೆ ಇದ್ದವಳಿಗೆ ಅದನ್ನು ಮೊದಲಿಂದ ಕಲಿಯಬೇಕು. ಮನೆಯಲ್ಲಿ ಕೂತು ಕನಸು ಕಂಡಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಆದರೆ ಹತ್ತನೇ ಶನಿವಾರವೂ ಹೋದೆ. ಹೋಗಬೇಕೋ ಬೇಡವೋ ಅಂತ ಯೋಚನೆಯೇ ಬರಲಿಲ್ಲ.

ದುಡ್ಡಿನ ಮಾತು. ಈ ಕೆಲಸ ಮಾಡಲು ಶನಿವಾರದ ಕಲಿಕೆ ಸಾಲದು, ಸರಿಯಾಗಿ ಓದಿ ಅರ್ಹತೆ ಪಡೆಯಬೇಕು. ಅದಕ್ಕೆ ವರ್ಷಗಳೇ ಬೇಕು. ನಾನೂ ಗಂಡನೂ ಕೂತು ಲೆಕ್ಕ ಹಾಕಿದೆವು. ನನ್ನ ಸಂಬಳ ನಿಂತರೆ ಉಳಿತಾಯ 14 ತಿಂಗಳು ನಡೆಸುತ್ತದೆ. ಅಷ್ಟರಲ್ಲಿ ಮುಗಿಯುವುದಿಲ್ಲ. ಅದಕ್ಕೇ ಒಂದೇ ಸಲ ಬಿಡುವ ಯೋಚನೆ ಕೈಬಿಟ್ಟೆ. ಅರ್ಧ ಹೊತ್ತು ಡ್ರಾಯಿಂಗ್ ಕೆಲಸ, ಉಳಿದ ಹೊತ್ತು ಓದು. ಎಲ್ಲವನ್ನೂ ಬಿಟ್ಟು ಹಾರಿದರೆ ಮಾತ್ರ ಧೈರ್ಯ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಮನೆಯಲ್ಲಿ ಮಗು ಇದೆ.

ಸ್ಟೀವನ್ ಲೆವಿಟ್ ಅನ್ನುವ ಅರ್ಥಶಾಸ್ತ್ರಜ್ಞರು ಒಂದು ವಿಚಿತ್ರ ಪ್ರಯೋಗ ಮಾಡಿದ್ದರು. ಕೆಲಸ ಬಿಡಲೋ ಬೇಡವೋ ಅಂತ ಒದ್ದಾಡುವಂಥವರು ಇಂಟರ್ನೆಟ್ಟಿನಲ್ಲಿ ನಾಣ್ಯ ಚಿಮ್ಮಿಸಬಹುದಿತ್ತು. 20,000ಕ್ಕೂ ಜಾಸ್ತಿ ಸಲ ನಾಣ್ಯ ಚಿಮ್ಮಿತು. ಆರು ತಿಂಗಳ ನಂತರ ಕೇಳಿದಾಗ, ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರು, ಇದ್ದಲ್ಲೇ ಇದ್ದವರಿಗಿಂತ ಜಾಸ್ತಿ ಸಂತೋಷವಾಗಿದ್ದರು. ಇದನ್ನು ಓದಿ ಎಲ್ಲರೂ ಕೆಲಸ ಬಿಡಿ ಅಂತ ನಾನು ಹೇಳುವುದಿಲ್ಲ. ನಾಣ್ಯ ಚಿಮ್ಮಿಸಲು ಬಂದವರು ಅದಾಗಲೇ ತಕ್ಕಡಿಯ ನಡುವೆ ನಿಂತವರು. ಆದರೆ ನಾನೂ ಅಲ್ಲೇ ನಿಂತಿದ್ದೆ. ಅದಕ್ಕೇ ಅದು ನನಗೆ ಸ್ವಲ್ಪ ಧೈರ್ಯ ಕೊಟ್ಟಿತು.

ಮುಂದಿನ ತಿಂಗಳಿಂದ ನಾನು ವಾರಕ್ಕೆ ಮೂರು ದಿನ ಮಾತ್ರ ಡ್ರಾಯಿಂಗ್ ಕೆಲಸಕ್ಕೆ ಹೋಗುತ್ತೇನೆ. ಮ್ಯಾನೇಜರ್ ಒಪ್ಪಿದ್ದಾರೆ. ಬ್ರಾಕೆಟ್‌ಗಳ ಕೆಲಸವನ್ನು ಹೊಸದಾಗಿ ಸೇರಿದ ಹುಡುಗಿಗೆ ಕೊಟ್ಟೆ. ಜೊತೆಗೆ ಆ ಫಿಟ್ಟರ್ ಅವರ ಫೋನ್ ನಂಬರ್ ಕೊಟ್ಟು, ಏನು ಬದಲಾಯಿಸುವುದಿದ್ದರೂ ಮೊದಲು ಅವರನ್ನು ಕೇಳು ಅಂತ ಹೇಳಿದೆ.

ಮೊನ್ನೆ ದೊಡ್ಡಪ್ಪನಿಗೆ ವಿಷಯ ತಿಳಿಸಿದೆ. ಅವರು ಹೊಸ ಕಾಲಿನಲ್ಲಿ ಮನೆಯೊಳಗೆಲ್ಲ ಕೋಲಿಲ್ಲದೆ ಓಡಾಡುತ್ತಾರೆ ಈಗ. ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಹಾಗಾದ್ರೆ ನನ್ನ ಮುಂದಿನ ಕಾಲು ನೀನೇ ಮಾಡ್ತೀಯಾ?’

‘ನಾನು ಕಲಿತು ಮುಗಿಸೋಕೆ ಇನ್ನೂ ತುಂಬಾ ವರ್ಷ ಬೇಕು ದೊಡ್ಡಪ್ಪ.’

ಅವರು ಬಗ್ಗಿ ಬಲಗಾಲಿನ ಪಾದವನ್ನು ಒಂದು ಸಲ ಮುಟ್ಟಿ ನೋಡಿದರು.

‘ಇದೂ ಸವೆಯೋಕೆ ಅಷ್ಟು ವರ್ಷ ಆಗುತ್ತೆ. ಕಾಯ್ತೀನಿ’ ಅಂದರು.