ಜಾಂಗ್‌ಜಿಯಾಜಿಯೆಯಲ್ಲಿ ಮಂಜು ಕವಿದ ದಿನ ಮೇಲೆ ಹತ್ತಬೇಡಿ

ಎರಡೂವರೆ ಗಂಟೆ ಸಾಲಿನಲ್ಲಿ ನಿಂತು, ತಲೆಗೆ 65 ಯುವಾನ್ ತೆತ್ತು, 326 ಮೀಟರ್ ಎತ್ತರದ ಬೈಲಾಂಗ್ ಲಿಫ್ಟಿನಲ್ಲಿ ಎರಡೇ ನಿಮಿಷದೊಳಗೆ ಮೇಲೆ ಹೋಗಿ ಇಳಿದರೆ, ನೋಡಲು ಹೋದ ಕಲ್ಲಿನ ಕಂಬಗಳೆಲ್ಲ ಮಾಯ, ಎದುರಿಗೆ ಬರೀ ಮಂಜು. ಕಂಬಿ ಹಿಡಿದು ನಿಂತ ನೂರಾರು ಜನ, ಅವರ ಹಳದಿ ನೀಲಿ ಪ್ಲಾಸ್ಟಿಕ್ ರೇನ್‌ಕೋಟು, ಅದರಾಚೆ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. "ಇದನ್ನ ನೋಡೋಕೆ ಚೀನಾಕ್ಕೆ ಬರಬೇಕಿತ್ತೇನೆ? ಆಗುಂಬೆಗೆ ಹೋಗಿದ್ರೆ ಸಾಕಿತ್ತು" ಅಂದರು ನಮ್ಮೆಜಮಾನ್ರು. ನಾನು ಸಾಗರದವಳು. ಮಳೆಗಾಲದಲ್ಲಿ ಜೋಗಕ್ಕೆ ಬಂದು, ಮಂಜಿನಲ್ಲಿ ಬರೀ ಸದ್ದು ಕೇಳಿಸಿಕೊಂಡು ವಾಪಸಾಗುವ ಬೆಂಗಳೂರಿನವರನ್ನು ಕಂಡು ಎಷ್ಟು ಸಲ ನಕ್ಕಿದ್ದೇನೋ. ಅವತ್ತು ನಾನೇ ಆ ಬೆಂಗಳೂರಿನವಳಾದೆ.

ವೀಸಾ, ವಿಮಾನದ ವಿಷಯ ಬರೆಯುವುದಿಲ್ಲ, ಅವು ತಿಂಗಳಿಗೊಂದು ಥರ ಆಗುತ್ತವೆ. ಅಲ್ಲಿ ಇಳಿದ ಮೇಲೆ ನಮಗೆ ಯಾರೂ ಹೇಳದೇ ಇದ್ದದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲನೆಯದು ಹೆಸರಿನ ಗೊಂದಲ. ಹುನಾನ್ ಪ್ರಾಂತ್ಯದ ಈ ಊರಿಗೆ ಮುಂಚೆ ದಾಯೋಂಗ್ ಅನ್ನುತ್ತಿದ್ದರು. ಪ್ರವಾಸಿಗರು ಬರಲಿ ಅಂತ 1994ರಲ್ಲಿ ಊರಿಗೂ ಕಾಡಿನ ಹೆಸರನ್ನೇ ಇಟ್ಟುಬಿಟ್ಟರು. ಈಗ ಊರೂ ಜಾಂಗ್‌ಜಿಯಾಜಿಯೆ, ಅರಣ್ಯ ಉದ್ಯಾನವೂ ಜಾಂಗ್‌ಜಿಯಾಜಿಯೆ, ಗಾಜಿನ ಸೇತುವೆಯ ಕಣಿವೆಯೂ ಜಾಂಗ್‌ಜಿಯಾಜಿಯೆ. ಮೂರೂ ಬೇರೆ ಬೇರೆ ಕಡೆ ಇವೆ. ಊರಿನಿಂದ ಉದ್ಯಾನಕ್ಕೆ ಸುಮಾರು 30 ಕಿಲೋಮೀಟರ್. ನಾವು "ಜಾಂಗ್‌ಜಿಯಾಜಿಯೆಯಲ್ಲಿ ಹೋಟೆಲ್" ಅಂತ ಹುಡುಕಿ ಊರಲ್ಲಿ ಒಂದು ರಾತ್ರಿಗೆ ರೂಮ್ ಮಾಡಿಕೊಂಡದ್ದೇ ಮೊದಲ ತಪ್ಪು. ಕಲ್ಲಿನ ಕಂಬಗಳನ್ನು ನೋಡುವವರು ಉಳಿಯಬೇಕಾದದ್ದು ವುಲಿಂಗ್‌ಯುವಾನ್ ಪೇಟೆಯಲ್ಲಿ, ಉದ್ಯಾನದ ಪೂರ್ವದ ಗೇಟಿನ ಹತ್ತಿರ. ಊರಿನಿಂದಲೇ ಕೇಬಲ್ ಕಾರು ಹೋಗುವ ತಿಯಾನ್‌ಮೆನ್ ಬೆಟ್ಟ ಹತ್ತುವ ದಿನಕ್ಕೆ ಮಾತ್ರ ಊರು ಅನುಕೂಲ.

ಎರಡನೆಯದು ವ್ಯಾನು. ಊರಿನ ಹಳೇ ರೈಲ್ವೆ ಸ್ಟೇಷನ್ ಪಕ್ಕದ ಬಸ್ ಸ್ಟ್ಯಾಂಡಿನಿಂದ ವುಲಿಂಗ್‌ಯುವಾನ್‌ಗೆ ದಿನವಿಡೀ ಬಸ್ಸುಗಳಿವೆ. ಆದರೆ ನಾವು ಒಳಗೆ ಹೋಗುವ ಮೊದಲೇ ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಒಬ್ಬ ಹೆಂಗಸು ಬಂದು, ಮೊಬೈಲಿನಲ್ಲಿ ತರ್ಜುಮೆ ಮಾಡಿ ತೋರಿಸಿದಳು: "ಇಂದು ರಜೆ. ಬಸ್ ಇಲ್ಲ." ಕಾರ್ಡು ನೋಡಿ ಸರಕಾರದವಳೇ ಇರಬೇಕು ಅಂದುಕೊಂಡೆವು. ತಲೆಗೆ 100 ಯುವಾನ್, ಅಂದರೆ ಸುಮಾರು 1200 ರೂಪಾಯಿ. ಏಳು ಸೀಟಿನ ವ್ಯಾನಿಗೆ ಒಂಬತ್ತು ಜನ. ನನ್ನ ಮೊಣಕಾಲು ಮುಂದಿನ ಸೀಟಿನ ಕಬ್ಬಿಣಕ್ಕೆ ಒತ್ತಿ ಹಿಡಿದುಕೊಂಡಿತ್ತು. ಅರ್ಧ ದಾರಿಯಲ್ಲಿ ಒಂದು ಟೀ ಅಂಗಡಿಯ ಮುಂದೆ ವ್ಯಾನು ನಿಂತಿತು. ಡ್ರೈವರ್ ಕೀಲಿ ಕಿತ್ತುಕೊಂಡು ಒಳಗೆ ಹೋದ. ಬೆರಳುದ್ದದ ಗಾಜಿನ ಲೋಟದಲ್ಲಿ ಏಳು ಥರ ಟೀ ಕುಡಿಸಿ, ಯಾರಾದರೂ ಕೊಳ್ಳುವ ತನಕ ವ್ಯಾನು ಹೊರಡಲಿಲ್ಲ. ಕೊನೆಗೆ ಒಬ್ಬ ಅಜ್ಜ ತಡೆಯಲಾರದೆ ಒಂದು ಡಬ್ಬಿ ತೆಗೆದುಕೊಂಡ. ವ್ಯಾನಿನಲ್ಲಿದ್ದವರೆಲ್ಲ ಆತನಿಗೆ ಚಪ್ಪಾಳೆ ತಟ್ಟಿದರು. ವಾಪಸ್ ಬರುವಾಗ ಅದೇ ದಾರಿಗೆ ಬಸ್ಸಿನಲ್ಲಿ ನಾವು ಕೊಟ್ಟದ್ದು ತಲೆಗೆ 20 ಯುವಾನ್ ಕೂಡ ಅಲ್ಲ, ಕೂರಲು ಸೀಟೂ ಇತ್ತು. ಯಾರೇನೇ ಹೇಳಲಿ, ಸ್ಟ್ಯಾಂಡಿನ ಒಳಗಿನ ಕೌಂಟರಿಗೆ ಹೋಗಿ ಕೇಳಿ. ವುಲಿಂಗ್‌ಯುವಾನ್‌ಗೆ ಒಂದು ಬಸ್ಸು, ಅರಣ್ಯ ಉದ್ಯಾನದ ದಕ್ಷಿಣ ಗೇಟಿಗೆ ಇನ್ನೊಂದು. ನಿಮ್ಮ ರೂಮ್ ಎಲ್ಲಿದೆಯೋ ಆ ಜಾಗದ ಹೆಸರನ್ನು ಚೀನೀ ಅಕ್ಷರದಲ್ಲಿ ಫೋಟೋ ತೆಗೆದಿಟ್ಟುಕೊಂಡು ತೋರಿಸಿದರೆ ಮುಗಿಯಿತು.

ಆ ಹೆಂಗಸು ರಜೆ ಅಂದದ್ದು ಮಾತ್ರ ಸುಳ್ಳಲ್ಲ. ನಾವು ಹೋದದ್ದು ಏಪ್ರಿಲ್ ಮೊದಲ ವಾರ, ಚಿಂಗ್‌ಮಿಂಗ್ ಹಬ್ಬ. ಹಿರಿಯರ ಸಮಾಧಿ ಗುಡಿಸಿ ಎಡೆ ಇಡುವ ದಿನ, ನಮ್ಮ ಮಹಾಲಯ ಅಮಾವಾಸ್ಯೆಯಂಥದ್ದು. ಸಮಾಧಿ ಮುಗಿಸಿಕೊಂಡು ಅರ್ಧ ಚೀನಾ ಬೆಟ್ಟಕ್ಕೆ ಬಂದಿತ್ತು ಅಂತ ಕಾಣುತ್ತದೆ. ಮೇ ಒಂದರ ರಜೆ, ಅಕ್ಟೋಬರ್ ಮೊದಲ ವಾರದ ರಜೆ ಇದಕ್ಕಿಂತ ದೊಡ್ಡವು. ಆಗಂತೂ ಬೇಡವೇ ಬೇಡ. ಜನಜಂಗುಳಿ ನಿಮಗೆ ಲೆಕ್ಕಕ್ಕಿಲ್ಲದಿದ್ದರೆ ಹೋಗಿ, ನನಗೆ ಧರ್ಮಸ್ಥಳದ ಲಕ್ಷದೀಪದ ರಶ್ಶೇ ಆಗುವುದಿಲ್ಲ.

ಲಿಫ್ಟಿನ ಬಗ್ಗೆ ಒಂದು ಮಾತು. 2002ರಲ್ಲಿ ಶುರುವಾದದ್ದು. ಅರ್ಧ ದಾರಿ ಬಂಡೆ ಕೊರೆದ ಬಾವಿಯೊಳಗೆ ಕತ್ತಲಲ್ಲಿ ಹೋಗಿ, ಆಮೇಲೆ ಒಮ್ಮೆಲೇ ಹೊರಗೆ ಬೆಳಕಿಗೆ ಬರುತ್ತದೆ. ಗಾಜಿನ ಪಕ್ಕ ನಿಂತವರಿಗೆ ಮಾತ್ರ ಆ ಸುಖ. ಹಿಂದೆ ನಿಂತ ನನಗೆ ಎದುರಿನವನ ಕುತ್ತಿಗೆ ಮೇಲಿದ್ದ ಮಚ್ಚೆ ಕಂಡಿತು. ಬಾಗಿಲು ತೆರೆದಾಗ ನಾಚಿಕೆ ಬಿಟ್ಟು ಎದುರಿನ ಗಾಜಿಗೆ ನುಗ್ಗಿ, ಅಲ್ಲಿ ಎಲ್ಲರೂ ಮಾಡುವುದು ಅದನ್ನೇ.

ಅಂದು ಸಂಜೆ ರೂಮಿಗೆ ಬಂದರೆ ಅಲ್ಲೂ ಹಬ್ಬ. ಮಾಮೂಲಿ ದಿನ 180 ಯುವಾನಿಗೆ ಸಿಗುವ ರೂಮಿಗೆ ನಾವು ಕೊಟ್ಟದ್ದು 460. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ, ಹಾಸಿಗೆ ಮಳೆಗಾಲದ ಕಂಬಳಿಯ ಹಾಗೆ ಥಂಡಿ. ಅದೆಲ್ಲ ತಡೆದುಕೊಳ್ಳಬಹುದಿತ್ತು. ರಾತ್ರಿ ಹತ್ತಕ್ಕೆ ಪಕ್ಕದ ಕೋಣೆಯಲ್ಲಿ ಜಲ್ಲಿ ಕ್ರಷರ್ ಶುರುವಾದಂಥ ಸದ್ದು! ನಿಲ್ಲುತ್ತದೆ, ಹತ್ತು ನಿಮಿಷ ನಿಶ್ಶಬ್ದ, ಮತ್ತೆ ಗರಗರಗರ. ನಮ್ಮೆಜಮಾನ್ರು ಎದ್ದು ಹೋಗಿ ಇಣುಕಿ ನೋಡಿ ಬಂದರು. ಮಾಜಾಂಗ್ ಆಟ. ಇಸ್ಪೀಟಿನ ಎಲೆಯ ಬದಲು ದಪ್ಪ ಬಿಲ್ಲೆಗಳು, ಅವನ್ನು ಹೊಟ್ಟೆಯೊಳಗೆ ಹಾಕಿಕೊಂಡು ಕಲೆಸಿ, ಜೋಡಿಸಿ ಮೇಲಕ್ಕೆ ಕೊಡುವ ಕರೆಂಟಿನ ಮೇಜು. ಅಂಥ ಮೇಜಿನ ಕೋಣೆ ಇರುವ ವಸತಿಗೃಹಗಳು ಅಲ್ಲಿ ಬೇಕಾದಷ್ಟಿವೆ, ರೂಮಿನ ಫೋಟೋಗಳಲ್ಲೇ ಹಸಿರು ಬಟ್ಟೆಯ ಚೌಕದ ಮೇಜು ಕಾಣಿಸುತ್ತದೆ. ನಾವು ಅದನ್ನು ಊಟದ ಮೇಜು ಅಂದುಕೊಂಡಿದ್ದೆವು. ಮೂರು ಗಂಟೆಯವರೆಗೆ ಆಡಿದರು. ಗೆದ್ದವರು ಯಾರೋ ಗೊತ್ತಿಲ್ಲ, ಬೆಳಿಗ್ಗೆ ಎದ್ದು ನಾವು ರೂಮ್ ಬದಲಾಯಿಸಿದೆವು.

ಆ ಬದಲಾವಣೆಯಿಂದಲೇ ಈ ಪ್ರವಾಸದ ಒಳ್ಳೆಯ ಭಾಗ ಶುರುವಾಯಿತು. ಹೊಸ ರೂಮಿನ ಹಿಂದಿನ ಓಣಿ ಸೂಓಶಿ ಹೊಳೆಯ ದಂಡೆಗೆ ಹೋಗಿ ಸೇರುತ್ತದೆ. ಅಲ್ಲಿ ಬೋರ್ಡೂ ಸರಿಯಾಗಿಲ್ಲದ ಒಂದು ಊಟದ ಅಂಗಡಿ. ನಾಲ್ಕು ಮೇಜು, ಗಿಡ್ಡನೆಯ ಸ್ಟೂಲು. ನಾವು ಶುದ್ಧ ಸಸ್ಯಾಹಾರಿಗಳು, ಹುನಾನಿನಲ್ಲಿ ಹೊಗೆ ಹಾಕಿದ ಹಂದಿಮಾಂಸ ಬಾಗಿಲಿಗೆ ತೋರಣದ ಹಾಗೆ ನೇತಾಡುತ್ತಿರುತ್ತದೆ. ಎರಡು ದಿನ ನಾವು ಮನೆಯಿಂದ ತಂದ ಅವಲಕ್ಕಿ, ಉಪ್ಪಿಟ್ಟಿನ ಪ್ಯಾಕೆಟ್ಟಿನ ಮೇಲೇ ಬದುಕಿದ್ದೆವು. (ಬಿಸಿನೀರು ಎಲ್ಲಿ ಹೋದರೂ ಪುಕ್ಕಟೆ ಸಿಗುತ್ತದೆ, ರೈಲಿನ ಬೋಗಿಯಲ್ಲೂ ನಲ್ಲಿ ಇದೆ. ಇದೊಂದಕ್ಕೆ ಚೀನಾಕ್ಕೆ ನನ್ನ ಕೈಮುಗಿತ.) ಅಂಗಡಿಯಾಕೆಗೆ ಮೊಬೈಲ್ ತೋರಿಸಿದೆ: "ಮಾಂಸ, ಮೀನು, ಹಂದಿಯ ಕೊಬ್ಬು ಬೇಡ." ಈ ಮೂರನೆಯದನ್ನು ಬಿಡಬೇಡಿ. ಬರೀ "ಮಾಂಸ ಬೇಡ" ಅಂದರೆ ಸೊಪ್ಪನ್ನು ಹಂದಿಯ ಕೊಬ್ಬಿನಲ್ಲೇ ಒಗ್ಗರಿಸಿ ತಂದಿಡುತ್ತಾರೆ, ಅವರ ಲೆಕ್ಕದಲ್ಲಿ ಅದು ಎಣ್ಣೆ. ಆಕೆ ಓದಿ, ತಲೆಯಾಡಿಸಿ, ಬಾಣಲೆಯನ್ನು ನಮ್ಮ ಕಣ್ಣೆದುರೇ ತೊಳೆದಳು.

ಆಮೇಲೆ ಒಂದು ತಟ್ಟೆಯ ಮೇಲಿನ ಒದ್ದೆ ಬಟ್ಟೆ ಸರಿಸಿದಳು. ತಿಳಿ ಹಳದಿಯ ಗಟ್ಟಿ ಮುದ್ದೆ, ಥೇಟ್ ನಮ್ಮ ಹಾಲುಬಾಯಿ. ಅದರ ಹೆಸರು ಮಿ ದೌಫು. ದೌಫು ಅಂದರೂ ಸೋಯಾ ಅಲ್ಲ, ನೆನೆಸಿದ ಅಕ್ಕಿಯನ್ನು ರುಬ್ಬಿ, ಸುಣ್ಣದ ತಿಳಿನೀರು ಹಾಕಿ ಕಾಯಿಸಿ ಆರಿಸಿದ್ದು. ಅಂಗೈ ಮೇಲೆಯೇ ಒಂದು ತುಂಡು ಇಟ್ಟುಕೊಂಡು ಉದ್ದಕ್ಕೆ ಅಡ್ಡಕ್ಕೆ ಚಾಕು ಆಡಿಸಿ, ಬಟ್ಟಲಿಗೆ ಸುರಿದು, ಮೇಲೆ ಉಪ್ಪಿನಲ್ಲಿ ಹಾಕಿದ ಕೆಂಪು ಮೆಣಸಿನಕಾಯಿ, ಹುಳಿ ಮೂಲಂಗಿ, ಹುರಿದ ಕಡಲೆಕಾಯಿ, ಈರುಳ್ಳಿ ಸೊಪ್ಪು ಹಾಕಿ ಕೊಟ್ಟಳು. 8 ಯುವಾನ್. ಬಾಯಿಗಿಟ್ಟರೆ ಕರಗುತ್ತದೆ, ಆಮೇಲೆ ಖಾರ ಏರುತ್ತದೆ. ಮೂಗಲ್ಲಿ ನೀರು ಬಂತು, ಎರಡನೇ ಬಟ್ಟಲು ಹೇಳಿದೆವು. ಜೊತೆಗೆ ದಾರದ ಹಾಗೆ ಹೆಚ್ಚಿ ವಿನೆಗರ್ ಹಾಕಿ ಹುರಿದ ಆಲೂಗಡ್ಡೆ, ಜಜ್ಜಿದ ಸೌತೆಕಾಯಿ, ಮರದ ಬಾನಿಯಲ್ಲಿ ಬೇಯಿಸಿದ ಅನ್ನ. ಅನ್ನಕ್ಕೆ ತಲೆಗೆ 2 ಯುವಾನ್, ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದು. ಮೂರನೇ ದಿನದಿಂದ ಆಕೆ ನಮ್ಮನ್ನು ಕಂಡ ಕೂಡಲೇ ಬಾಣಲೆ ತೊಳೆಯಲು ಶುರುಮಾಡುತ್ತಿದ್ದಳು. ನಾಲ್ಕು ರಾತ್ರಿ ಅಲ್ಲೇ ಉಂಡೆವು.

ಈಗ ಮಂಜಿನ ವಿಷಯಕ್ಕೆ ಬರುತ್ತೇನೆ. ಉದ್ಯಾನದ ಟಿಕೆಟ್ ದುಬಾರಿಯೇ, 220ರ ಮೇಲೆ. ಆದರೆ ಅದು ನಾಲ್ಕು ದಿನ ನಡೆಯುತ್ತದೆ, ಒಳಗಿನ ಬಸ್ಸುಗಳೂ ಅದರಲ್ಲೇ ಸೇರಿವೆ. ಹೀಗಿರುವಾಗ "ಸೋಮವಾರ ಯುವಾನ್‌ಜಿಯಾಜಿಯೆ, ಮಂಗಳವಾರ ತಿಯಾನ್‌ಝಿ ಬೆಟ್ಟ" (ಎರಡೂ ಉದ್ಯಾನದೊಳಗಿನ ಎತ್ತರದ ಜಾಗಗಳು) ಅಂತ ಮನೆಯಲ್ಲೇ ಬರೆದುಕೊಂಡು ಹೋಗುವುದು ದಡ್ಡತನ. ನಾವು ಬರೆದುಕೊಂಡು ಹೋಗಿದ್ದೆವು. ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿ. ಬೆಟ್ಟದ ತಲೆ ಕಾಣದಿದ್ದರೆ ಅಂದು ಲಿಫ್ಟು, ಕೇಬಲ್ ಕಾರು ಯಾವುದಕ್ಕೂ ದುಡ್ಡು ಹಾಕಬೇಡಿ, ಕೆಳಗೇ ಇರಿ. ಕೆಳಗೆ ಜಿನ್‌ಬಿಯಾನ್ ತೊರೆ ಇದೆ, ಚಿನ್ನದ ಚಾಟಿ ಅಂತ ಅರ್ಥ. ಏಳೂವರೆ ಕಿಲೋಮೀಟರ್ ಸಮತಟ್ಟಾದ ಕಲ್ಲುಹಾಸಿನ ದಾರಿ, ನನ್ನ ಮೊಣಕಾಲಿಗೂ ಒಪ್ಪುವಂಥದ್ದು, ಟಿಕೆಟ್ ಬಿಟ್ಟು ಬಿಡಿಕಾಸು ಖರ್ಚಿಲ್ಲ. ಮಂಜು ಮೇಲಿರುತ್ತದೆ, ನೀವು ಅದರ ಕೆಳಗಿರುತ್ತೀರಿ. ಕಂಬಗಳ ಬುಡ ಕಾಣುತ್ತದೆ, ನಡು ಕಾಣುತ್ತದೆ, ತಲೆ ಮೋಡದೊಳಗೆ. ಎರಡನೇ ದಿನ ಜಿಟಿಜಿಟಿ ಮಳೆಯಲ್ಲೇ ನಡೆದೆವು. ಎಲ್ಲರೂ ಲಿಫ್ಟಿನ ಸಾಲಿನಲ್ಲಿದ್ದರೋ ಏನೋ, ಗಂಟೆಗಟ್ಟಲೆ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಂಗಗಳಿವೆ. ಪ್ಲಾಸ್ಟಿಕ್ ಕೊಟ್ಟೆ ಸರಪರ ಅಂದರೆ ಸಾಕು, ಇಳಿದು ಬರುತ್ತವೆ. ನನ್ನ ಚಕ್ಕುಲಿ ಹೋಯಿತು.

ಒಂದು ಬಂಡೆಗೆ ಕೈಯಿಟ್ಟು ನೋಡಿದೆ. ಮರಳು ಅಂಗೈಗೆ ಹತ್ತುತ್ತದೆ. ಇವು ಬೆಣಚಿನ ಮರಳುಗಲ್ಲು, ಸುಮಾರು 38 ಕೋಟಿ ವರ್ಷದಷ್ಟು ಹಳೆಯದು. ಚೀನಾದ್ದೇ ಇನ್ನೊಂದು ಪ್ರವಾಸಿ ಜಾಗ ಗುಯಿಲಿನ್ ಕಡೆಯ ಬೆಟ್ಟಗಳು ಸುಣ್ಣದ ಕಲ್ಲು, ನೀರಿನಲ್ಲಿ ಕರಗಿ ಆದವು. ಇಲ್ಲಿ ಹಾಗಲ್ಲ, ಬಿರುಕಿಗೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಸೀಳಿ, ಮರದ ಬೇರು ಮತ್ತಷ್ಟು ಅಗಲಿಸಿ, ತೊರೆ ಕೊಚ್ಚಿಕೊಂಡು ಹೋಗಿ, ಉಳಿದದ್ದು ಕಂಬ. ಹೀಗೆ ಮೂರು ಸಾವಿರಕ್ಕೂ ಹೆಚ್ಚು, ಎಷ್ಟೋ ಕಂಬಗಳು 200 ಮೀಟರಿಗಿಂತ ಎತ್ತರ. 1982ರಲ್ಲಿ ಚೀನಾದ ಮೊದಲ ರಾಷ್ಟ್ರೀಯ ಅರಣ್ಯ ಉದ್ಯಾನವಾಯಿತು, 1992ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಮೂರನೇ ದಿನ ಬರೆಯುವಂಥದ್ದೇನೂ ಇಲ್ಲ, ಬಟ್ಟೆ ಒಣಗಿಸಿದೆವು.

ನಾಲ್ಕನೇ ದಿನ ರಾತ್ರಿಯಿಡೀ ಹೊಡೆದ ಮಳೆ ಬೆಳಗಿನ ಜಾವ ನಿಂತಿತ್ತು. ಹಬ್ಬದ ಜನ ಖಾಲಿಯಾಗಿದ್ದರು. ಏಳಕ್ಕೆ ಗೇಟು ತೆರೆಯುತ್ತಲೇ ಒಳಗೆ ಹೋದೆವು, ಲಿಫ್ಟಿಗೆ ಕಾದದ್ದು ಹತ್ತೇ ನಿಮಿಷ. ಯುವಾನ್‌ಜಿಯಾಜಿಯೆಯ ಅದೇ ಕಂಬಿ, ಮೊದಲ ದಿನ ಮಂಜು ನೋಡಿದ ಜಾಗ. ಮೋಡವೆಲ್ಲ ಕೆಳಗಿಳಿದು ಕಣಿವೆ ತುಂಬಿತ್ತು, ಅದರೊಳಗಿಂದ ಕಂಬಗಳು ಒಂದೊಂದಾಗಿ ಎದ್ದು ನಿಂತಿದ್ದವು. ತಲೆಯ ಮೇಲೆ ಒಂದಿಷ್ಟು ಪೈನ್ ಮರ, ಮೈಯೆಲ್ಲ ಒದ್ದೆ, ಬಿಸಿಲು ಬಿದ್ದ ಕಡೆ ಇಟ್ಟಿಗೆ ಬಣ್ಣ. ದಕ್ಷಿಣದ ಗಗನಸ್ತಂಭ ಅಂತಿದ್ದ ಒಂದು ಕಂಬಕ್ಕೆ 2010ರಲ್ಲಿ ಹಾಲಿವುಡ್ ಸಿನಿಮಾದಲ್ಲಿ ಬರುವ ತೇಲುವ ಬೆಟ್ಟದ ಹೆಸರಿಟ್ಟಿದ್ದಾರೆ. ಹಳೇ ಹೆಸರೇ ಚೆನ್ನಾಗಿತ್ತು. ನಮ್ಮೆಜಮಾನ್ರು ಆಗುಂಬೆ ವಿಷಯ ಎತ್ತಲಿಲ್ಲ. ಒಂಬತ್ತೂವರೆಗೆ ಗೈಡುಗಳ ಮೈಕು ಶುರುವಾಯಿತು, ಹನ್ನೊಂದಕ್ಕೆ ನಾವು ಜಾಗ ಖಾಲಿ ಮಾಡಿದೆವು.

ಇಳಿಯುವಾಗ ಒಂದು ಎಚ್ಚರ. ಈ ಉದ್ಯಾನಕ್ಕೆ ಐದು ಗೇಟುಗಳಿವೆ. ಒಳಗಿನ ಬಸ್ಸು ಹತ್ತುವಾಗ ಯಾವ ಗೇಟಿಗೆ ಹೋಗುತ್ತದೆ ಅಂತ ಕೇಳಿ ಹತ್ತಿ. ಸಂಜೆ ತಪ್ಪು ಗೇಟಿನಲ್ಲಿ ಇಳಿದರೆ ಟ್ಯಾಕ್ಸಿಯವನು ಹೇಳಿದ್ದೇ ರೇಟು.

ತಿಯಾನ್‌ಮೆನ್ ಬೆಟ್ಟಕ್ಕೆ ಬೇರೆ ಟಿಕೆಟ್, ಬೇರೆ ದಿನ, ಪಾಸ್‌ಪೋರ್ಟ್ ಕೊಟ್ಟು ಸಮಯ ಮೊದಲೇ ಕಾದಿರಿಸಬೇಕು. 7,455 ಮೀಟರ್ ಉದ್ದದ ಕೇಬಲ್ ಕಾರು ಊರಿನ ಮನೆಗಳ ಮಾಳಿಗೆ ಮೇಲಿಂದ, ಬಟ್ಟೆ ಒಣಗಿಹಾಕಿದ ಹಗ್ಗಗಳ ಮೇಲಿಂದ ಅರ್ಧ ಗಂಟೆ ಹೋಗುತ್ತದೆ. ಇದಕ್ಕೆ ಮಾತ್ರ ಕೊಟ್ಟ ದುಡ್ಡು ಸಾರ್ಥಕ. ಬೆಟ್ಟದ ಎದೆ ತೂತಾದಂತಿರುವ ಗುಹೆ 131.5 ಮೀಟರ್ ಎತ್ತರ, ಅದಕ್ಕೆ 999 ಮೆಟ್ಟಿಲು. ಪಕ್ಕದಲ್ಲೇ ಎಸ್ಕಲೇಟರ್ ಇದೆ, ಅದಕ್ಕೆ ಬೇರೆ ದುಡ್ಡು. ಮೊಣಕಾಲು ನೋವಿನವರು ಮೆಟ್ಟಿಲು ಇಳಿಯುವ ಸಾಹಸಕ್ಕೂ ಹೋಗಬೇಡಿ, ಅವು ಕಡಿದಾಗಿವೆ, ಒಂದೊಂದರ ಮೇಲೆ ಪೂರ್ತಿ ಪಾದ ಊರುವುದಿಲ್ಲ. ಬಸ್ಸಿನ ದಾರಿಯಲ್ಲಿ 99 ತಿರುವು. ಆಗುಂಬೆ ಘಾಟಿಯ 14ಕ್ಕೇ ಕವರ್ ಹಿಡಿದು ಕೂರುವವರು ಖಾಲಿ ಹೊಟ್ಟೆಯಲ್ಲಿ ಹೋಗುವುದು ಒಳ್ಳೆಯದು. 430 ಮೀಟರ್ ಉದ್ದದ ಆ ಗಾಜಿನ ಸೇತುವೆಗೆ ನಾವು ಹೋಗಲಿಲ್ಲ. ಕೆಳಗೆ 300 ಮೀಟರ್ ಕಂದಕ ಅಂತ ಗೊತ್ತಾದ ಮೇಲೆ ದುಡ್ಡು ಕೊಟ್ಟು ಹೆದರಿಕೊಳ್ಳುವ ಮನಸ್ಸಾಗಲಿಲ್ಲ.

ದುಡ್ಡಿನ ವಿಷಯ: ಇಲ್ಲಿಂದ ಹೊರಡುವ ಮೊದಲೇ ಅಲಿಪೇಗೆ (ನಮ್ಮ ಫೋನ್‌ಪೇ ಥರ ಮೊಬೈಲಿನಲ್ಲಿ ದುಡ್ಡು ಕೊಡುವ ಆಪ್) ನಿಮ್ಮ ಅಂತಾರಾಷ್ಟ್ರೀಯ ಕಾರ್ಡು ಜೋಡಿಸಿಕೊಳ್ಳಿ. ಮಿ ದೌಫು ಅಂಗಡಿಯಿಂದ ಹಿಡಿದು ಗೆಣಸು ಸುಡುವವನ ತನಕ ಎಲ್ಲರದ್ದೂ ಕ್ಯೂಆರ್ ಕೋಡ್. 200 ಯುವಾನ್ ದಾಟಿದರೆ ವಿದೇಶಿ ಕಾರ್ಡಿಗೆ ಶೇ 3 ಕಡಿತ ಇದೆ, ಹಾಗಾಗಿ ದೊಡ್ಡ ಮೊತ್ತಕ್ಕೆ ಸ್ವಲ್ಪ ನೋಟು ಇಟ್ಟುಕೊಂಡರೆ ವಾಸಿ. ನಮ್ಮ ಸಿಮ್ಮಿನ ರೋಮಿಂಗಿನಲ್ಲೇ ವಾಟ್ಸ್ಯಾಪ್ ನಡೆಯಿತು, ಹೋಟೆಲಿನ ವೈಫೈಯಲ್ಲಿ ನಡೆಯಲಿಲ್ಲ.

ವ್ಯಾನಿನವನು ನಿಲ್ಲಿಸಿದ ಅಂಗಡಿಯಲ್ಲಿ 260 ಯುವಾನ್ ಹೇಳಿದ್ದ ಟೀ ಇತ್ತಲ್ಲ, ಅದು ಮೇಯ್ ಚಾ, ಅಲ್ಲಿನ ಕಾಡಿನ ಬಳ್ಳಿಯ ಎಲೆ. ಕೊನೆಯ ದಿನ ಊಟದಂಗಡಿಯಾಕೆಯ ಪಕ್ಕದ ಕಿರಾಣಿಯಲ್ಲಿ ಅದೇ ಅಳತೆಯ ಪೊಟ್ಟಣ 35ಕ್ಕೆ ಸಿಕ್ಕಿತು. ಎಲೆಯ ಮೇಲೆ ಬಿಳಿ ಪುಡಿ ಕಂಡು ಬೂಷ್ಟು ಹಿಡಿದಿದೆ ಅಂತ ನಮ್ಮೆಜಮಾನ್ರು ವಾಪಸ್ ಕೊಡಲು ಹೊರಟಿದ್ದರು, ಆಕೆ ನಕ್ಕು, ಅದೇ ಅದರ ಸತ್ವ ಅಂತ ಮೊಬೈಲಿನಲ್ಲಿ ತೋರಿಸಿದಳು. ಕುಡಿದಾಗ ಕಹಿ, ಆಮೇಲೆ ಗಂಟಲಲ್ಲಿ ಸಿಹಿ, ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ. ಎರಡು ಪೊಟ್ಟಣ ತಂದೆವು. ಒಂದನ್ನು ಅತ್ತಿಗೆಗೆ ಕೊಟ್ಟೆ, ಅವರು ಅದಕ್ಕೆ ಹಾಲು, ಸಕ್ಕರೆ ಹಾಕಿ ಕುದಿಸಿ, ಚೀನಾದವರಿಗೆ ಟೀ ಮಾಡಲು ಬರುವುದಿಲ್ಲ ಅಂದರು.