‘ಢಂ’ ಅನ್ನದ ಡೊಳ್ಳು

ಮಳೆಗಾಲದಲ್ಲಿ ಡೊಳ್ಳು ರೆಕಾರ್ಡ್ ಮಾಡಲು ಒಪ್ಪಿಕೊಂಡಿದ್ದೇ ತಪ್ಪು. ಥಂಡಿಗೆ ಚರ್ಮ ಸಡಿಲವಾಗಿ, ಹಗ್ಗ ಬಿಗಿಯುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ತಂಡದ ಜೊತೆ ಬಂದಿದ್ದ ತಮಟೆಯವರು ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಪೇಪರ್ ಹೊತ್ತಿಸಿ ತಮಟೆ ಕಾಯಿಸುತ್ತಿದ್ದರೆ, ವಾಚ್‌ಮನ್ ಬೆಂಕಿ ಬಿತ್ತು ಅಂತ ಬಕೆಟ್ ಹಿಡಿದು ಓಡಿ ಬಂದ.

ಅಂತೂ ಬಾರಿಸಿದರು. ಡೊಳ್ಳಿನ ಒಂದು ಮುಖಕ್ಕೆ ಕೋಲಿನ ಏಟು, ಇನ್ನೊಂದಕ್ಕೆ ಅಂಗೈ ಏಟು. ಹಾಗಾಗಿ ನಾನು ಎರಡೂ ಕಡೆ ಒಂದೊಂದು ಮೈಕ್ ಇಟ್ಟಿದ್ದೆ. ಸಂಜೆ ಕೇಳಿಸಿದಾಗ ತಂಡದ ಹಿರಿಯರು ತಲೆ ಆಡಿಸಿದರು.

‘ಏನಣ್ಣ, ಸರಿ ಇಲ್ವಾ?’

‘ಇದು ಡಬ್ ಅಂತಿದೆ ತಮ್ಮ. ಡೊಳ್ಳು ಢಂ ಅನ್ನಬೇಕು.’

ನನ್ನ ಹತ್ತಿರ ಇದ್ದದ್ದು ನಮ್ಮ ಸ್ಟುಡಿಯೋ ಪದಗಳು. ವಾರ್ಮ್ ಅಂದರೆ ಬೆಚ್ಚಗಿನ ಸದ್ದು, ಪಂಚಿ ಅಂದರೆ ಗುದ್ದಿನಂಥದ್ದು, ಮಡ್ಡಿ ಅಂದರೆ ಕೆಸರಿನಂತೆ ಕಲಸಿಹೋದದ್ದು. ಒಬ್ಬರ ವಾರ್ಮ್ ಇನ್ನೊಬ್ಬರಿಗೆ ಮಡ್ಡಿ, ಈ ಪದಗಳನ್ನು ನಂಬಿ ನಾನು ಎಷ್ಟು ಮಿಕ್ಸ್ ಕೆಡಿಸಿದ್ದೇನೋ ಲೆಕ್ಕವಿಲ್ಲ. ಆ ದಿನವೂ ಅದೇ ಕಥೆ. ಬೇಸ್ ಕಡಿಮೆ ಅಂದುಕೊಂಡು 80 ಹರ್ಟ್ಜ್ ಹತ್ತಿರ ಏರಿಸಿದೆ, ಇನ್ನೂ ಏರಿಸಿದೆ. ಅಣ್ಣನದು ಒಂದೇ ಮಾತು, ಡಬ್.

ಆಮೇಲೆ ಸುಮ್ನೆ ಬಾಯಲ್ಲಿ ಎರಡನ್ನೂ ಹೇಳಿಕೊಂಡು ನೋಡಿದೆ. ಡಬ್ ಅಂದರೆ ತುಟಿ ಮುಚ್ಚಿ ಸದ್ದು ಅಲ್ಲೇ ಸಾಯುತ್ತದೆ. ಢಂ ಅಂದರೂ ತುಟಿ ಮುಚ್ಚುತ್ತದೆ, ಆದರೆ ಸದ್ದು ಮೂಗಿನಲ್ಲಿ ಗುಂಯ್‌ಗುಡುತ್ತಾ ಇರುತ್ತದೆ. ಮೊದಲ ವ್ಯಂಜನ ಏಟು, ಸ್ವರ ಅದರ ಮೈ, ಕೊನೆಯ ಸೊನ್ನೆ ಅದರ ಬಾಲ! ಮೃದಂಗದವರ ಪಾಠವೂ ಇದೇ ಅಲ್ವಾ? ‘ತ’ ಅಂದರೆ ಮುಚ್ಚಿದ ಏಟು, ‘ತೊಂ’ ಅಂದರೆ ಎಡ ಮುಖದ ಮೇಲೆ ಕೈ ಒತ್ತಿ ಹಿಡಿಯದೆ ಬಾರಿಸಿದ ತೆರೆದ ಏಟು. ನಾವು ಅಟ್ಯಾಕ್ (ಸದ್ದು ಏಳುವುದು), ಡಿಕೇ (ಇಳಿಯುವುದು) ಅಂತ ಗ್ರಾಫ್ ಬಿಡಿಸಿ ಹೇಳುವುದನ್ನು ಅವರು ಒಂದೇ ಅಕ್ಷರದಲ್ಲಿ ಮುಗಿಸುತ್ತಾರೆ.

ಅಂದರೆ ಅಣ್ಣ ಕೇಳುತ್ತಿದ್ದದ್ದು ಸೊನ್ನೆಯನ್ನು. ಅದನ್ನು ತಿಂದದ್ದು ಯಾರು ಅಂತ ಹುಡುಕಿದರೆ, ಇಬ್ಬರು ಕಳ್ಳರು. ಮೊದಲನೆಯದು ಗೇಟ್, ಅಂದರೆ ಸದ್ದು ಒಂದು ಮಟ್ಟಕ್ಕಿಂತ ಇಳಿದರೆ ಅದನ್ನು ಮುಚ್ಚಿಬಿಡುವ ಸಾಧನ. ಮಳೆ ಸದ್ದು ಕೇಳಬಾರದು ಅಂತ ನಾನೇ ಹಾಕಿದ್ದೆ, ಅದು ಬಾಲವನ್ನೂ ಕತ್ತರಿಸುತ್ತಿತ್ತು. ಎರಡನೆಯದು ನಾಚಿಕೆಯ ವಿಷಯ. ಕೋಲು ಬಿದ್ದಾಗ ಆ ಮುಖ ಒಳಕ್ಕೆ ಹೋಗುತ್ತದೆ, ಒಳಗಿನ ಗಾಳಿ ತಳ್ಳಿ ಇನ್ನೊಂದು ಮುಖ ಹೊರಕ್ಕೆ ಉಬ್ಬುತ್ತದೆ. ಒಂದು ಮೈಕ್‌ಗೆ ಎಳೆತ, ಇನ್ನೊಂದಕ್ಕೆ ತಳ್ಳು. ಎರಡನ್ನೂ ಕೂಡಿಸಿದರೆ ಎರಡರ ಬೇಸ್ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ, ಇಲ್ಲದ ಸದ್ದನ್ನು ಎಷ್ಟು ಏರಿಸಿದರೂ ಬರುವುದಿಲ್ಲ. ಡ್ರಮ್ ಸೆಟ್ಟಿನ ಎರಡು ಮುಖದ ಸ್ನೇರ್ ಡ್ರಮ್ಮಿಗೆ ಮೇಲೆ ಕೆಳಗೆ ಮೈಕ್ ಇಟ್ಟಾಗ ಕಣ್ಣು ಮುಚ್ಚಿಕೊಂಡು ಒಂದರ ಪೋಲಾರಿಟಿ ತಿರುಗಿಸುವ, ಅಂದರೆ ಎಳೆತವನ್ನು ತಳ್ಳು ಮಾಡುವ ನನಗೆ, ಡೊಳ್ಳಿಗೂ ಎರಡು ಮುಖ ಇದೆ ಅನ್ನುವುದು ಹೊಳೆದಿರಲಿಲ್ಲ.

ಗೇಟ್ ತೆಗೆದೆ, ಒಂದು ಮೈಕಿನ ಪೋಲಾರಿಟಿ ಬಟನ್ ಒತ್ತಿದೆ. ಅಣ್ಣ ಏನೂ ಹೇಳಲಿಲ್ಲ, ಕಾಲು ಕುಣಿಯತೊಡಗಿತು.

ಎರಡು ದಿನ ಬಿಟ್ಟು ಮಿಕ್ಸ್ ಅನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ತಕ್ಷಣ ಫೋನ್ ಬಂತು. ‘ತಮ್ಮ, ಮತ್ತೆ ಡಬ್ ಅಂತಿದೆಯಲ್ಲ?’ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಅಷ್ಟು ಬೇಸ್ ಸದ್ದು ಎಲ್ಲಿಂದ ಬರಬೇಕು! ದೊಡ್ಡ ಸ್ಪೀಕರಿಗೆ ಹಾಕಿ ಕೇಳಿ ಅಂದೆ. ರಾತ್ರಿ ಯಾರದೋ ಟ್ರ್ಯಾಕ್ಟರಿನ ಸೌಂಡ್ ಸಿಸ್ಟಮ್ಮಿಗೆ ಹಾಕಿಸಿ, ಫೋನನ್ನು ಅದರ ಮುಂದೆ ಹಿಡಿದು ನನಗೇ ಕೇಳಿಸಿದರು. ನನ್ನ ಫೋನಿನಲ್ಲಿ ಅದು ಡಬ್ ಡಬ್ ಅಂತಲೇ ಬಂತು, ನಾನು ಹೇಳಲು ಹೋಗಲಿಲ್ಲ.