ಒಂದು ಮಾತ್ರೆ ನಿಲ್ಲಿಸಿದ ದಿನ

11 ಫೆಬ್ರವರಿ 2025, ಮಂಗಳವಾರ

ಇವತ್ತು ಒಪಿಡಿಯಲ್ಲಿ ಒಬ್ಬ ಅಜ್ಜಿಯ ಆಸ್ಪಿರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ನಿಲ್ಲಿಸಿದೆ. ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿದೆ.

ಅವರಿಗೆ 76 ವರ್ಷ. ಸುಸ್ತು ಅಂತ ಬಂದಿದ್ದರು. ರೆಪ್ಪೆ ಕೆಳಗೆಳೆದು ನೋಡಿದರೆ ಒಳಗೆಲ್ಲ ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ 8. ಕೆದಕಿ ಕೇಳಿದ ಮೇಲೆ, ಮೂರು ವಾರದಿಂದ ಮಲ ಕಪ್ಪಗೆ ಹೋಗುತ್ತಿದೆ ಎಂದರು. ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು ಎನ್ನುವುದರ ಗುರುತು ಅದು, ಆಸ್ಪಿರಿನ್‌ನಿಂದ ಹಾಗಾಗಬಹುದು. ಹೃದಯಾಘಾತ ಆದವರಲ್ಲ, ಸ್ಟೆಂಟ್ ಇಲ್ಲ, ಲಕ್ವ ಹೊಡೆದಿಲ್ಲ. ಬಿಪಿ ಒಂದಿದೆ, ಅಷ್ಟೇ. ಆಸ್ಪಿರಿನ್ ಯಾಕೆ ತಗೊಳ್ತಿದ್ದೀರಿ ಎಂದು ಕೇಳಿದೆ.

'ಹಾರ್ಟಿಗೆ ಒಳ್ಳೇದು ಅಂತ ಹಿಂದೆ ಯಾರೋ ಬರೆದುಕೊಟ್ಟಿದ್ದರು. ನೀವೂ ಬರೆದಿದ್ದೀರಲ್ಲ ಡಾಕ್ಟ್ರೇ?'

ಹಳೆಯ ಚೀಟಿಗಳನ್ನು ತೆಗೆದು ನೋಡಿದೆ. ಹೌದು. ಎರಡು ವರ್ಷದಲ್ಲಿ ನಾಲ್ಕು ಸಲ. 'ಇದೇ ಮಾತ್ರೆ ಮುಂದುವರಿಸಿ' ಎಂದು ನನ್ನದೇ ಕೈಬರಹ.

ನನಗೆ ಗೊತ್ತಿಲ್ಲದ ವಿಷಯವಾಗಿದ್ದರೆ ಬೇರೆ ಮಾತು. ಆಸ್ಪ್ರೀ ಅಧ್ಯಯನ 2018ರಲ್ಲೇ ಬಂದಿದೆ. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಆರೋಗ್ಯವಂತ ಹಿರಿಯರು, ಹೆಚ್ಚಿನವರು 70 ದಾಟಿದವರು. ಅರ್ಧ ಜನಕ್ಕೆ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಔಷಧಿ ಇಲ್ಲದ ಬರೀ ಮಾತ್ರೆ. ಹತ್ತಿರ ಹತ್ತಿರ ಐದು ವರ್ಷ ನೋಡಿದರು. ಕೈಕಾಲು, ಬುದ್ಧಿ ಗಟ್ಟಿಯಾಗಿ ಬದುಕುವ ಕಾಲ ಏನೂ ಜಾಸ್ತಿಯಾಗಲಿಲ್ಲ. ದೊಡ್ಡ ರಕ್ತಸ್ರಾವ ಮಾತ್ರ ಆಸ್ಪಿರಿನ್ ತಗೊಂಡವರಲ್ಲಿ ಶೇ 3.8, ಉಳಿದವರಲ್ಲಿ ಶೇ 2.8. ಹೃದ್ರೋಗ ಬರದ ಹಾಗೆ ತಡೆಯಲು 60 ದಾಟಿದವರಿಗೆ ಹೊಸದಾಗಿ ಆಸ್ಪಿರಿನ್ ಶುರು ಮಾಡಬೇಡಿ ಎಂದು 2022ರಲ್ಲಿ ಅಮೆರಿಕದ ತಜ್ಞರ ಸಮಿತಿಯೂ ಹೇಳಿತು.

ಇಲ್ಲೊಂದು ಸೂಕ್ಷ್ಮ ಇದೆ. ಶುರು ಮಾಡಬೇಡಿ ಅನ್ನುವುದು ಬೇರೆ, ನಡೆಯುತ್ತಿರುವುದನ್ನು ನಿಲ್ಲಿಸಿ ಅನ್ನುವುದು ಬೇರೆ. ನಮ್ಮ ಅಧ್ಯಯನಗಳಲ್ಲಿ ಹೆಚ್ಚಿನವು ಮಾತ್ರೆ ಕೊಟ್ಟರೆ ಏನಾಗುತ್ತದೆ ಎಂದು ಕೇಳುತ್ತವೆ. ಹತ್ತು ವರ್ಷ ನುಂಗಿದ ಮಾತ್ರೆಯನ್ನು ಬಿಟ್ಟರೆ ಏನಾಗುತ್ತದೆ ಎಂದು ಕೇಳುವವು ಕಡಿಮೆ. ಹಾಗಾಗಿ ನಿಲ್ಲಿಸುವಾಗ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಯೋಚಿಸಬೇಕು. (ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ಓದಿ ತಾವಾಗಿಯೇ ಆಸ್ಪಿರಿನ್ ಬಿಡಬೇಡಿ. ನಿಮ್ಮ ಲೆಕ್ಕವೇ ಬೇರೆ.)

ಅಜ್ಜಿಗೆ ಭಯ. 'ನಿಲ್ಲಿಸಿದ್ಮೇಲೆ ಏನಾದರೂ ಆದರೆ?' ಅದೇ ಭಯ ನನಗೂ ಇರುತ್ತದೆ. ನಿಲ್ಲಿಸಿದ ಮೇಲೆ ಹೃದಯಾಘಾತವಾದರೆ 'ಆ ಡಾಕ್ಟರ್ ನಿಲ್ಲಿಸಿದ್ದಕ್ಕೇ ಆಯ್ತು' ಎನ್ನುತ್ತಾರೆ. ಮುಂದುವರಿಸಿ ರಕ್ತ ಹೋದರೆ 'ವಯಸ್ಸಾಯ್ತಲ್ಲ' ಎನ್ನುತ್ತಾರೆ. ಅವರ ಜೊತೆ ಇಪ್ಪತ್ತೈದು ನಿಮಿಷ ಕೂತೆ. 'ಮುಂದುವರಿಸಿ' ಎಂದು ಬರೆಯಲು ಐದು ಸೆಕೆಂಡು ಸಾಕಿತ್ತು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು.

ವಾರ್ಡಿನಲ್ಲೂ ಇದೇ ಪ್ರಶ್ನೆ. ಮೂತ್ರದ ಸೋಂಕು ರಕ್ತಕ್ಕೆ ಹೋಗಿದ್ದ ಒಬ್ಬರು. ರಕ್ತದ ಪರೀಕ್ಷೆಯಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಆಂಟಿಬಯಾಟಿಕ್ ಶುರುವಾಗಿ ಇವತ್ತಿಗೆ ಏಳನೇ ದಿನ, ಜ್ವರ ಬಿಟ್ಟು ನಾಲ್ಕು ದಿನವಾಗಿದೆ. 'ಮೇಡಂ, 14 ದಿನ ಪೂರ್ತಿ ಮಾಡೋಣ್ವಾ? ಸೇಫ್ ಅಲ್ವಾ?' ಎಂದಳು ನನ್ನ ಪಿ.ಜಿ. ವಿದ್ಯಾರ್ಥಿನಿ. ನನಗೂ 14 ಎಂದೇ ಕಲಿಸಿದ್ದು. 2024ರ ನವೆಂಬರಿನಲ್ಲಿ ಬಂದ ಬ್ಯಾಲೆನ್ಸ್ ಅಧ್ಯಯನವನ್ನು ಅಲ್ಲೇ ಫೋನಿನಲ್ಲಿ ತೆಗೆದು ಇಬ್ಬರೂ ಓದಿದೆವು. 7 ದೇಶ, 74 ಆಸ್ಪತ್ರೆ, ರಕ್ತಕ್ಕೆ ಸೋಂಕು ಹೋಗಿದ್ದ 3,608 ರೋಗಿಗಳು. ಒಂದು ಗುಂಪಿಗೆ 7 ದಿನ ಆಂಟಿಬಯಾಟಿಕ್, ಇನ್ನೊಂದಕ್ಕೆ 14 ದಿನ. 90 ದಿನದೊಳಗೆ ತೀರಿಕೊಂಡವರು 7 ದಿನದ ಗುಂಪಿನಲ್ಲಿ ಶೇ 14.5, 14 ದಿನದ ಗುಂಪಿನಲ್ಲಿ ಶೇ 16.1. ಅಂದರೆ ಏಳೇ ದಿನ ಕೊಟ್ಟರೂ ಹೆಚ್ಚಿನ ಹಾನಿಯಿಲ್ಲ. 'ಹಾಗಾದರೆ ಎಲ್ಲರಿಗೂ ಏಳೇನಾ?' ಎಂದು ಕೇಳಿದಳು. ಅಲ್ಲ. ರಕ್ತದಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಇದ್ದವರನ್ನು, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಯಾರನ್ನು ಬಿಟ್ಟಿದ್ದಾರೆ ಎಂದು ಅವಳೇ ಹುಡುಕಿ ಓದಿದಳು. ಇವತ್ತಿನ ದಿನದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಗಳಿಗೆ ಅದು.

ಸಮಯದ ವಿಷಯ ಸುಮ್ನೆ ಗೊಣಗಾಟವಲ್ಲ. ಅಮೆರಿಕದಲ್ಲಿ 2016ರ ಒಂದು ಅಧ್ಯಯನ ವೈದ್ಯರ ಪಕ್ಕದಲ್ಲೇ ನಿಂತು ಗಡಿಯಾರ ನೋಡಿತು. ರೋಗಿಯ ಜೊತೆ ಒಂದು ಗಂಟೆ ಕಳೆದರೆ, ಕಂಪ್ಯೂಟರ್ ಮತ್ತು ಕಾಗದದ ಕೆಲಸಕ್ಕೆ ಸುಮಾರು ಎರಡು ಗಂಟೆ ಹೋಗುತ್ತಿತ್ತು. ಹೃದಯದವರು ಒಂದು ಮಾತ್ರೆ ಬರೆಯುತ್ತಾರೆ, ಕಿಡ್ನಿಯವರು ಒಂದು, ಮೂಳೆಯವರು ಇನ್ನೊಂದು. ಇಡೀ ಪಟ್ಟಿಯನ್ನು ಮುಂದಿಟ್ಟುಕೊಂಡು ಯಾವುದು ಬೇಡ ಎಂದು ಕೇಳಬೇಕಾದವರು ನಾವು, ಜನರಲ್ ಮೆಡಿಸಿನ್‌ನವರು. ಆ ಕೆಲಸಕ್ಕೆ ಯಾರ ಲೆಕ್ಕದಲ್ಲೂ ಸಮಯವಿಲ್ಲ. ನನಗೆ ಇದು ನೋವಿನ ಸಂಗತಿ.

ನಾಳೆಯ ಒಪಿಡಿಗೆ ಬರುವ 70 ದಾಟಿದವರ ಚೀಟಿಗಳನ್ನು ಈಗ ನೋಡಿ ಮುಗಿಸಿದೆ. ಹನ್ನೊಂದರಲ್ಲಿ ಆಸ್ಪಿರಿನ್ ಇದೆ. ನಾಲ್ಕರಲ್ಲಿ ಯಾಕೆ ಎಂದು ಎಲ್ಲೂ ಬರೆದಿಲ್ಲ. ಅವರನ್ನು ಕೊನೆಗೆ ಕರೆಯಲು ಸಿಸ್ಟರ್‌ಗೆ ಹೇಳಿದ್ದೇನೆ, ಕೂತು ಮಾತಾಡಲು ಆಗುತ್ತದೆ. ಅಜ್ಜಿಗೆ ಬೆಳಗ್ಗೆ ಎಂಡೋಸ್ಕೋಪಿ.